ಸುಸ್ತಿನ ಕಾಯಿಲೆಯ ನಡುವೆ ತೂಕ ಏರಿದಾಗ, ಇಳಿದಾಗ: ಕಾರಣ ಹುಡುಕುವ ಕ್ರಮ

ದೀರ್ಘಕಾಲದ ಆಯಾಸದ ಕಾಯಿಲೆ, ಅಂದರೆ ವೈದ್ಯರು ಎಂಇ/ಸಿಎಫ್‌ಎಸ್ ಎಂದು ಬರೆಯುವ ಕಾಯಿಲೆ ಇರುವವರ ತೂಕ ಏರಿದರೆ ಸುತ್ತಲಿನವರು 'ಕೂತು ತಿಂದರೆ ಇನ್ನೇನಾಗುತ್ತದೆ' ಎನ್ನುತ್ತಾರೆ. ಇಳಿದರೆ 'ಕಾಯಿಲೆಯವರಲ್ಲವೇ, ಇಳಿಯದೆ ಇರುತ್ತದೆಯೇ' ಎನ್ನುತ್ತಾರೆ. ಎರಡು ಮಾತುಗಳಲ್ಲೂ ಅಷ್ಟಿಷ್ಟು ನಿಜ ಇರಬಹುದು. ಆದರೆ ಎರಡೂ ಹುಡುಕಾಟವನ್ನು ಅಲ್ಲಿಗೇ ಮುಗಿಸಿಬಿಡುತ್ತವೆ, ಮತ್ತು ಎಷ್ಟೋ ಸಲ ಕಾಯಿಲೆಯವರೂ ವೈದ್ಯರೂ ಅದನ್ನೇ ಒಪ್ಪಿ ಸುಮ್ಮನಾಗುತ್ತಾರೆ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಈ ಕಾಯಿಲೆ ಎನ್ನಬೇಕಾದರೆ, ಮೊದಲಿನ ಕೆಲಸಗಳನ್ನು ಆರು ತಿಂಗಳಿಗೂ ಹೆಚ್ಚು ಕಾಲ ಮಾಡಲಾಗದಂಥ ಆಯಾಸ, ಸಣ್ಣ ಶ್ರಮದ ನಂತರವೂ ಲಕ್ಷಣಗಳೆಲ್ಲ ಉಲ್ಬಣಿಸುವುದು, ಎಷ್ಟು ಮಲಗಿದರೂ ದಣಿವಾರದ ನಿದ್ದೆ ಈ ಮೂರೂ ಇರಬೇಕು. ಜೊತೆಗೆ ಬುದ್ಧಿಗೆ ಮಂಕು ಕವಿಯುವುದು ಅಥವಾ ಎದ್ದು ನಿಂತರೆ ಹೆಚ್ಚುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು. ತೂಕದ ಮಾತು ಅಲ್ಲಿಲ್ಲ. ಅದಕ್ಕಿಂತ ಹಿಂದಿನ, 2003ರ ಕೆನಡಾದ ಮಾನದಂಡದಲ್ಲಿ ಎದ್ದುಕಾಣುವ ತೂಕ ಬದಲಾವಣೆಯೂ ಲಕ್ಷಣಗಳ ನಡುವೆ ಸೇರಿತ್ತು. ಆದ್ದರಿಂದ ತೂಕ ಬದಲಾಗಲು ಈ ಕಾಯಿಲೆಯೇ ಕಾರಣವಾಗಿರಲೂಬಹುದು. ಆದರೆ ಉಳಿದ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ಬದಿಗಿಟ್ಟ ಮೇಲೆ ಉಳಿಯುವ ಉತ್ತರ ಅದಾಗಬೇಕೇ ಹೊರತು ಮೊದಲೇ ಹೇಳಿಬಿಡುವ ಉತ್ತರ ಆಗಬಾರದು. ಕೆಳಗಿನ ಕ್ರಮವನ್ನು ಈ ಲೆಕ್ಕದಲ್ಲೇ ಜೋಡಿಸಿದೆ.

ಮೊದಲು ಅಳತೆ ಸರಿಯಾಗಲಿ

ತೂಕದ ಯಂತ್ರವನ್ನು ಚಾಪೆಯ ಮೇಲೆ, ಮ್ಯಾಟಿನ ಮೇಲೆ ಇಡದೆ ಗಟ್ಟಿ ನೆಲದ ಮೇಲೆ ಇಡಬೇಕು. ಒಡೆಯದ 10 ಕಿಲೋ ಅಕ್ಕಿ ಚೀಲ ಮನೆಗೆ ಬಂದ ದಿನ ಅದನ್ನು ಯಂತ್ರದ ಮೇಲಿಟ್ಟು ನೋಡಿದರೆ ಯಂತ್ರ ಎಷ್ಟು ನಂಬಿಕಸ್ಥ ಎಂಬುದು ತಿಳಿಯುತ್ತದೆ. ವಾರಕ್ಕೊಮ್ಮೆ, ಪ್ರತಿ ಸಲವೂ ವಾರದ ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೂ ಮೊದಲು, ಹೆಚ್ಚುಕಡಿಮೆ ಅದೇ ಬಗೆಯ ಬಟ್ಟೆಯಲ್ಲಿ ತೂಗಿ, ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಡುವುದು ಸಾಕು. ದಿನಾ ತೂಗುವುದರಿಂದ ಮಾಹಿತಿಗಿಂತ ಕಳವಳವೇ ಹೆಚ್ಚುತ್ತದೆ. ಅದೇ ಚೌಕದಲ್ಲಿ ಮುಟ್ಟಿನ ದಿನ, ಮಲಬದ್ಧತೆ, ಹೊಸ ಮಾತ್ರೆ ಶುರುವಾದದ್ದು, ನೆಲ ಹಿಡಿದು ಮಲಗಿದ್ದ ವಾರ, ಇವುಗಳಿಗೆ ಒಂದೊಂದು ಅಕ್ಷರದ ಗುರುತು ಹಾಕಿಕೊಂಡರೆ ಮೂರು ತಿಂಗಳಾದ ಮೇಲೆ ಆ ಕ್ಯಾಲೆಂಡರ್ ಎಷ್ಟೋ ಪ್ರಶ್ನೆಗಳಿಗೆ ತಾನೇ ಉತ್ತರ ಕೊಡುತ್ತದೆ.

ಒಂದೆರಡು ಕಿಲೋ ಏರಿಳಿತ ಬಹುತೇಕ ನೀರಿನದ್ದೇ. ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿಂದಿರಬೇಕು. ಹಾಗಾಗಿ ಹಬ್ಬದೂಟದ ಮರುದಿನ ಯಂತ್ರ ಎರಡು ಕಿಲೋ ಹೆಚ್ಚು ತೋರಿಸಿದರೆ ಅದು ಉಪ್ಪು, ಹಿಟ್ಟಿನ ಪದಾರ್ಥ ಮತ್ತು ಅವು ದೇಹದಲ್ಲಿ ಹಿಡಿದಿಟ್ಟ ನೀರಿನ ತೂಕವೇ ಹೊರತು ಹೋಳಿಗೆಯ ಕೊಬ್ಬಲ್ಲ. ನಿಂತರೆ ತಲೆಸುತ್ತು, ಎದೆಬಡಿತ ಇರುವವರಿಗೆ ವೈದ್ಯರು ಉಪ್ಪು ಮತ್ತು ನೀರನ್ನು ಹೆಚ್ಚು ಸೇವಿಸಲು ಹೇಳಿದ್ದರೆ, ಶುರುವಿನ ದಿನಗಳಲ್ಲಿ ತೂಕ ಸ್ವಲ್ಪ ಏರುವುದು ನಿರೀಕ್ಷಿತವೇ.

ಯಂತ್ರದ ಮೇಲೆ ನಿಲ್ಲಲು ಆಗದವರು ನಿಲ್ಲಲೇಬೇಕೆಂದು ಹಟ ಹಿಡಿಯಬಾರದು. ಕಣ್ಣು ಕತ್ತಲೆ ಕಟ್ಟಿ ಬಿದ್ದರೆ ಅದರ ಪರಿಣಾಮ ತೂಕಕ್ಕಿಂತ ದೊಡ್ಡದು. ಅಂಥವರ ತೋಳಿನ ಸುತ್ತಳತೆಯನ್ನು, ಭುಜದ ತುದಿ ಮತ್ತು ಮೊಣಕೈಯ ನಡುಮಧ್ಯದಲ್ಲಿ, ದರ್ಜಿಯ ಟೇಪಿನಿಂದ ತಿಂಗಳಿಗೊಮ್ಮೆ ಅಳೆದು ಬರೆದಿಡಬಹುದು. ವಯಸ್ಕರಲ್ಲಿ ಅದು 23.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ದೇಹದ ತೂಕ ಕಡಿಮೆಯಿರುವ ಸಾಧ್ಯತೆ ಇದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಮೊಣಕೈವರೆಗೆ ಜಾರುವ ಬಳೆ, ಸಡಿಲವಾದ ಉಂಗುರ, ಬೆಲ್ಟಿಗೆ ಹಾಕಿಸಿದ ಹೊಸ ತೂತು, ಬಿಚ್ಚಿ ಹೊಲಿಸಬೇಕಾದ ರವಿಕೆ, ಇವೂ ಸಾಕ್ಷಿಗಳೇ; ತೇದಿಯೊಡನೆ ಬರೆದಿಡಿ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಲ್ಲಿ ಇನ್ನೊಂದು ಮೋಸವೂ ನಡೆಯುತ್ತದೆ: ಸ್ನಾಯು ಕರಗಿ ಆ ಜಾಗದಲ್ಲಿ ಕೊಬ್ಬು ಸೇರುವುದರಿಂದ ಯಂತ್ರದ ಅಂಕಿ ಕದಲುವುದೇ ಇಲ್ಲ. ಸೊಂಟದ ಸುತ್ತಳತೆ ಹೆಚ್ಚುತ್ತ ತೊಡೆ, ತೋಳು ತೆಳ್ಳಗಾಗುತ್ತಿದ್ದರೆ ತೂಕ ಹಾಗೇ ಇದೆಯೆಂದು ಸಮಾಧಾನ ಪಡುವಂತಿಲ್ಲ.

ಎಷ್ಟು ಬದಲಾದರೆ ವೈದ್ಯರ ಬಳಿ ಹೋಗಬೇಕು

ಇಳಿಕೆಗೆ ಒಂದು ಸುಲಭ ಗಡಿ ಇದೆ. ಪ್ರಯತ್ನವಿಲ್ಲದೆ ಆರರಿಂದ ಹನ್ನೆರಡು ತಿಂಗಳೊಳಗೆ ದೇಹದ ತೂಕದ 5 ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 57ಕ್ಕಿಂತ ಕೆಳಗೆ ಬಂದಿದ್ದರೆ, ಪರೀಕ್ಷೆ ಆಗಲೇಬೇಕು. ಮೂರರಿಂದ ಆರು ತಿಂಗಳಲ್ಲಿ 10 ಶೇಕಡಾ ಇಳಿದಿದ್ದರೆ ತಡಮಾಡಲೇಬಾರದು. ಮೊದಲು ಸ್ಥೂಲವಾಗಿದ್ದವರು ತೆಳ್ಳಗಾದರೆ ಮನೆಯವರು ಸಂತೋಷಪಡುವುದುಂಟು. ಆ ಸಂತೋಷದಲ್ಲಿ ಕಳೆದುಹೋಗುವ ತಿಂಗಳುಗಳ ಬಗ್ಗೆ ನನಗೆ ಹೆಚ್ಚು ಭಯ.

ಏರಿಕೆಗೆ ಹಾಗೆ ಒಂದೇ ಗಡಿ ಹೇಳಲು ಬರುವುದಿಲ್ಲ, ಅದರ ವೇಗವನ್ನು ನೋಡಬೇಕು. ಒಂದು ವಾರದೊಳಗೆ ಎರಡು ಕಿಲೋಗಿಂತ ಹೆಚ್ಚಾಗಿ, ಜೊತೆಗೆ ಕಾಲು ಊದಿಕೊಂಡು, ಒತ್ತಿದರೆ ಬೆರಳಿನ ಗುಳಿ ಉಳಿಯುತ್ತಿದ್ದರೆ, ಚಪ್ಪಟೆ ಮಲಗಿದಾಗ ಉಸಿರು ಕಟ್ಟುತ್ತಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯೆಂದು ಭಾವಿಸಿ ಅಂದೇ ತೋರಿಸಬೇಕು. ತೂಕ ಇಳಿಯುತ್ತಿರುವವರು ವಿಪರೀತ ಬಾಯಾರಿಕೆಯಿಂದ ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ ಸಕ್ಕರೆ ಪರೀಕ್ಷೆ ಅದೇ ದಿನ ಆಗಬೇಕು. ನುಂಗಲು ಕಷ್ಟವಾಗುವುದು, ಮಲದಲ್ಲಿ ರಕ್ತ ಅಥವಾ ಡಾಂಬರಿನಂತೆ ಕಪ್ಪು ಮಲ, ಕುತ್ತಿಗೆ ಅಥವಾ ಕಂಕುಳಲ್ಲಿ ಗಂಟು, ರಾತ್ರಿ ಹಾಸಿಗೆ ತೋಯುವಷ್ಟು ಬೆವರು, ಇವೂ ವಾರಗಟ್ಟಲೆ ಕಾಯುವ ಲಕ್ಷಣಗಳಲ್ಲ.

ಮಾತ್ರೆಗಳ ಡಬ್ಬಿಯನ್ನು ಸುರಿದು ನೋಡಿ

ಸುಸ್ತಿನ ಕಾಯಿಲೆಯವರ ಮಟ್ಟಿಗೆ ತೂಕದ ಗುಟ್ಟು ಎಷ್ಟೋ ಸಲ ಇಲ್ಲೇ ಇರುತ್ತದೆ, ಏಕೆಂದರೆ ನಿದ್ದೆಗೊಂದು, ಮೈಕೈ ನೋವಿಗೊಂದು, ಎದೆಬಡಿತಕ್ಕೊಂದು, ಹೊಟ್ಟೆಗೊಂದು ಎಂದು ಬೇರೆ ಬೇರೆ ವೈದ್ಯರು ಬೇರೆ ಬೇರೆ ಚೀಟಿಗಳಲ್ಲಿ ಬರೆದ ಮಾತ್ರೆಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರುವುದಿಲ್ಲ. ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಮಿರ್ಟಾಜಪಿನ್, ನರನೋವಿಗೆ ಕೊಡುವ ಪ್ರಿಗಾಬಲಿನ್ ಮತ್ತು ಗಾಬಾಪೆಂಟಿನ್, ನಿದ್ದೆಗೆಂದು ಕೆಲವೊಮ್ಮೆ ಬರೆಯುವ ಕ್ವೆಟಿಯಾಪಿನ್, ಎದೆಬಡಿತಕ್ಕೂ ಮೈಗ್ರೇನಿಗೂ ಕೊಡುವ ಪ್ರೊಪ್ರನೊಲಾಲ್, ಇವುಗಳಿಂದ ತೂಕ ಏರಬಹುದು. ನಿಂತಾಗ ರಕ್ತದೊತ್ತಡ ಕುಸಿಯದಿರಲು ಕೊಡುವ ಫ್ಲುಡ್ರೊಕಾರ್ಟಿಸೋನ್ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತದೆ. ಹಸಿವಿನ ಟಾನಿಕ್ ಎಂದು ಸುಲಭವಾಗಿ ಸಿಗುವ ಕೆಲವು ಸಿರಪ್‌ಗಳಲ್ಲಿ ಸಿಪ್ರೊಹೆಪ್ಟಡಿನ್ ಇರುತ್ತದೆ. ಅದು ಹಸಿವನ್ನು ಹೆಚ್ಚಿಸುವುದರ ಜೊತೆಗೆ ತೂಕಡಿಕೆಯನ್ನೂ ತರುವುದರಿಂದ, ಮೊದಲೇ ಸುಸ್ತಿರುವವರಿಗೆ ಕಾಯಿಲೆ ಜೋರಾದಂತೆ ಅನ್ನಿಸುತ್ತದೆ.

ಇಳಿಸುವ ಮಾತ್ರೆಗಳೂ ಇವೆ. ಮೆಟ್‌ಫಾರ್ಮಿನ್ ಹಸಿವು ತಗ್ಗಿಸಿ ಹೊಟ್ಟೆ ಕೆಡಿಸಬಹುದು, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕೊರತೆಯನ್ನೂ ತರಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ತೂಕ ಇಳಿಯುತ್ತದೆ. ಮೈಗ್ರೇನಿಗೆ ಕೊಡುವ ಟೋಪಿರಮೇಟ್ ಹಸಿವನ್ನೇ ಕೊಲ್ಲಬಹುದು. ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾದರೆ ಎದೆಬಡಿತ, ಕೈನಡುಕದೊಡನೆ ತೂಕ ಕರಗುತ್ತದೆ.

ಹೆಸರು, ಘಟಕಾಂಶ ಬರೆಯದ ಪೊಟ್ಟಣದ ಪುಡಿ ಮತ್ತು ಗುಳಿಗೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೈಕೈ ನೋವು, ಸುಸ್ತು ಎಂದು ಹೋದವರಿಗೆ ಕೊಡುವ ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪತ್ತೆಯಾಗಿದೆ. ಮೂರೇ ದಿನದಲ್ಲಿ ನೋವು ಮಾಯ, ಹಸಿವು ಜೋರು, ಕೆಲವು ತಿಂಗಳಲ್ಲಿ ಮುಖ ಚಂದ್ರನಂತೆ ಗುಂಡಗೆ, ಹೊಟ್ಟೆ ದಪ್ಪ, ಕೈಕಾಲು ಸಣಕಲು, ಚರ್ಮ ತೆಳುವಾಗಿ ತಾಗಿದಲ್ಲೆಲ್ಲ ಕಂದುಗಟ್ಟುವುದು: ಇಷ್ಟು ಕಂಡರೆ ಆ ಪುಡಿಯನ್ನು ಸಂಶಯಿಸಬೇಕು. ಆದರೆ ಹೆದರಿ ಒಮ್ಮೆಲೇ ನಿಲ್ಲಿಸಬಾರದು. ಬಹುಕಾಲ ಸ್ಟೀರಾಯ್ಡ್ ಒಳಹೋಗಿದ್ದರೆ ದೇಹದ ಸ್ವಂತ ಗ್ರಂಥಿ ಕೆಲಸ ಮರೆತಿರುತ್ತದೆ, ಥಟ್ಟನೆ ನಿಲ್ಲಿಸಿದರೆ ಪ್ರಾಣಾಪಾಯ. ಪೊಟ್ಟಣವನ್ನೇ ವೈದ್ಯರ ಬಳಿಗೆ ಕೊಂಡೊಯ್ದು, ಬೈಗುಳ ಬಿದ್ದರೂ ಸರಿ, ತೋರಿಸಬೇಕು. ಉಳಿದ ಮಾತ್ರೆಗಳಿಗೂ ಇದೇ ನಿಯಮ: ಶುರುವಾದ ತೇದಿಯನ್ನು ಕ್ಯಾಲೆಂಡರಿನ ತೂಕದೊಡನೆ ಹೋಲಿಸಿ ವೈದ್ಯರ ಮುಂದಿಡುವುದು ನಮ್ಮ ಕೆಲಸ, ನಿಲ್ಲಿಸುವುದು ಅಥವಾ ಬದಲಿಸುವುದು ಅವರ ಕೆಲಸ.

ಸುಸ್ತಿನ ಮುಖವಾಡ ಹಾಕಿದ ಬೇರೆ ಕಾಯಿಲೆಗಳು

ತೂಕವನ್ನೂ ಬದಲಿಸಿ ಸುಸ್ತನ್ನೂ ತರುವ ಕಾಯಿಲೆಗಳು ಹಲವು. ಅವುಗಳಲ್ಲಿ ಎಂಇ/ಸಿಎಫ್‌ಎಸ್ ಎಂದೇ ತಪ್ಪು ತಿಳಿಯಲು ತಕ್ಕಂತಿರುವುದು ಅಡಿಸನ್ ಕಾಯಿಲೆ, ಅಂದರೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಸೋಲುವುದು. ವಿಪರೀತ ಸುಸ್ತು, ನಿಂತರೆ ತಲೆಸುತ್ತು, ವಾಕರಿಕೆ, ತೂಕ ಇಳಿಕೆ, ಉಪ್ಪಿನಕಾಯಿಯನ್ನೋ ಬರೀ ಉಪ್ಪನ್ನೋ ಬಯಸುವ ನಾಲಗೆ. ಇವೆಲ್ಲ ನಮ್ಮ ಕಾಯಿಲೆಯದೇ ಪಟ್ಟಿಯಂತೆ ಕಾಣುತ್ತವೆ. ವ್ಯತ್ಯಾಸದ ಸುಳಿವು ಚರ್ಮದಲ್ಲಿರುತ್ತದೆ: ಅಂಗೈ ಗೆರೆ, ಬೆರಳ ಗೆಣ್ಣು, ಒಸಡು, ಹಳೆಯ ಗಾಯದ ಕಲೆ ಕಪ್ಪಾಗುತ್ತವೆ. ನಮ್ಮ ಮೈಬಣ್ಣದಲ್ಲಿ ಅದು ಬೇಗ ಕಣ್ಣಿಗೆ ಬೀಳದೆ 'ಬಿಸಿಲಿಗೆ ಕಪ್ಪಾಗಿದ್ದಾಳೆ' ಎಂಬ ಮಾತಿನಲ್ಲಿ ಮುಗಿದುಬಿಡುತ್ತದೆ. ಆದರೆ ಮನೆಯಿಂದಲೇ ಹೊರಬೀಳದವಳಿಗೆ ಬಿಸಿಲು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬೇಕು. ಬೆಳಿಗ್ಗೆ ಎಂಟರ ಸುಮಾರಿಗೆ ಮಾಡುವ ಕಾರ್ಟಿಸಾಲ್ (ಆ ಗ್ರಂಥಿ ಸ್ರವಿಸುವ ಹಾರ್ಮೋನು) ರಕ್ತಪರೀಕ್ಷೆ ಮತ್ತು ಸೋಡಿಯಂ, ಪೊಟ್ಯಾಸಿಯಂ ಅಳತೆಯಿಂದ ಹುಡುಕಾಟ ಆರಂಭವಾಗುತ್ತದೆ.

ಕ್ಷಯವು ಆ ಗ್ರಂಥಿಯನ್ನೂ ಹಾಳುಮಾಡಬಲ್ಲದು, ತಾನೇ ನೇರವಾಗಿ ತೂಕವನ್ನೂ ಇಳಿಸಬಲ್ಲದು. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು ಇದ್ದರೆ ಕಫ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಶ್ವಾಸಕೋಶದ ಹೊರಗಿನ ಕ್ಷಯದಲ್ಲಿ ಕೆಮ್ಮೇ ಇರದಿರಬಹುದು ಎಂಬುದು ನೆನಪಿರಲಿ. ಥೈರಾಯ್ಡ್ ಕಡಿಮೆಯಾದರೂ ಹೆಚ್ಚಾದರೂ ಸುಸ್ತೇ. ಕಡಿಮೆಯಾದಾಗ ತೂಕ ಏರುತ್ತದೆ, ಹೆಚ್ಚಾದಾಗ ಇಳಿಯುತ್ತದೆ. ಈ ಪರೀಕ್ಷೆಗೆ ಮೊದಲು ಕೂದಲಿಗೆಂದು ಬಯೋಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಬೇಕು, ಏಕೆಂದರೆ ಅದು ಕೆಲವು ಪ್ರಯೋಗಾಲಯಗಳ ವಿಧಾನದಲ್ಲಿ ಸುಳ್ಳು ಫಲಿತಾಂಶ ತೋರಿಸುತ್ತದೆ. ಗೋಧಿಯ ಅಂಟಿನಂಶ ಒಗ್ಗದ ಸೀಲಿಯಾಕ್ ಕಾಯಿಲೆ ಅಕ್ಕಿ, ರಾಗಿ ಉಣ್ಣುವ ನಮ್ಮ ಕಡೆಗಿಂತ ಉತ್ತರ ಭಾರತದಲ್ಲಿ ಹೆಚ್ಚು; ಆದರೂ ಬೇಧಿ, ಕಬ್ಬಿಣದ ಕೊರತೆ, ತೂಕ ಇಳಿಕೆ ಒಟ್ಟಿಗಿದ್ದರೆ ಪರೀಕ್ಷಿಸಬೇಕಾದದ್ದೇ. ಗೋಧಿಯನ್ನು ಮೊದಲೇ ಬಿಟ್ಟು ಆಮೇಲೆ ಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ಸಿಕ್ಕಿಬೀಳುವುದಿಲ್ಲ. ಸಕ್ಕರೆ ಕಾಯಿಲೆ, ಮೂತ್ರಪಿಂಡ ಮತ್ತು ಯಕೃತ್ತಿನ ತೊಂದರೆ, ಎಚ್‌ಐವಿ, ಕ್ಯಾನ್ಸರ್, ಖಿನ್ನತೆ, ಹೆಂಗಸರಲ್ಲಿ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ, ಇವುಗಳ ಸಾಧ್ಯತೆಯನ್ನು ವಯಸ್ಸು ಮತ್ತು ಉಳಿದ ಲಕ್ಷಣ ನೋಡಿ ವೈದ್ಯರು ತೂಗುತ್ತಾರೆ.

ವೈದ್ಯರ ಮುಂದೆ ಸಿಗುವ ಐದು ನಿಮಿಷದಲ್ಲಿ ಸುಸ್ತಿನ ಕಥೆಯನ್ನು ಮೊದಲಿಂದ ಹೇಳತೊಡಗಿದರೆ ತೂಕದ ಮಾತಿಗೆ ಸರದಿಯೇ ಬರುವುದಿಲ್ಲ. ಆದ್ದರಿಂದ ಮೊದಲ ವಾಕ್ಯವನ್ನು ಬರೆದೇ ಒಯ್ಯಬೇಕು: 'ಡಾಕ್ಟ್ರೇ, ಫೆಬ್ರವರಿಯಲ್ಲಿ 62 ಕಿಲೋ ಇದ್ದೆ, ಈಗ ಮೇ ತಿಂಗಳು, 58 ಆಗಿದೆ. ಪಥ್ಯ ಮಾಡಿಲ್ಲ. ಸುಸ್ತು ಹಳೆಯದು, ತೂಕ ಇಳಿದದ್ದು ಹೊಸದು. ಇದಕ್ಕೆ ಬೇರೆ ಕಾರಣ ಇದೆಯೇ ನೋಡಿ.' ಅಷ್ಟು ಹೇಳಿ ಕ್ಯಾಲೆಂಡರಿನ ಫೋಟೋ ಮತ್ತು ಮಾತ್ರೆಗಳ ಪಟ್ಟಿಯನ್ನು ಮುಂದಿಟ್ಟರೆ, ಬಹುತೇಕ ವೈದ್ಯರು ಚೀಟಿಯ ಕಡೆಗೆ ಹೋದ ಕೈಯನ್ನು ಒಂದು ಕ್ಷಣ ತಡೆದು ನೋಡುತ್ತಾರೆ. ಹಳೆಯ ವರದಿಗಳಿದ್ದರೆ ತೇದಿಯ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ. ಎರಡು ವರ್ಷ ಹಿಂದಿನ 'ಎಲ್ಲ ನಾರ್ಮಲ್' ಎಂಬ ವರದಿ ಇಂದಿನ ತೂಕಕ್ಕೆ ಉತ್ತರವಲ್ಲ.

ಕಾಯಿಲೆಯೇ ಕಾರಣವೆಂದು ತಿಳಿದ ಮೇಲೆ

ಪರೀಕ್ಷೆಗಳೆಲ್ಲ ಸರಿಯಿದ್ದರೆ ಆಗ ಸುಸ್ತಿನ ಕಡೆಗೆ ತಿರುಗಬಹುದು. ತೂಕ ಇಳಿಯುವ ದಾರಿಗಳು ಬಹಳ ಸಾಧಾರಣವಾದವು: ಒಲೆಯ ಮುಂದೆ ನಿಲ್ಲಲಾಗದೆ ಒಂದು ಹೊತ್ತಿನ ಊಟ ತಪ್ಪುತ್ತದೆ, ಅಗಿಯುವುದೇ ದಣಿವಾಗುತ್ತದೆ, ನಾಲ್ಕು ತುತ್ತಿಗೆ ಹೊಟ್ಟೆ ಉಬ್ಬರಿಸುತ್ತದೆ, ಯಾರೋ ಹೇಳಿದರೆಂದು ಹಾಲು, ಮತ್ತಿನ್ಯಾರೋ ಹೇಳಿದರೆಂದು ಗೋಧಿ, ಬೇಳೆ ಬಿಡುತ್ತ ತಟ್ಟೆಯಲ್ಲಿ ಅನ್ನ, ತಿಳಿಸಾರು ಮಾತ್ರ ಉಳಿಯುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ, ತೂಕ ಇಳಿಯುತ್ತಿರುವವರನ್ನೂ ಏರುತ್ತಿರುವವರನ್ನೂ ಹೀಗೆ ಪಥ್ಯ ಬಿಗಿಗೊಳಿಸಿಕೊಂಡವರನ್ನೂ ಈ ಕಾಯಿಲೆ ಬಲ್ಲ ಆಹಾರತಜ್ಞರ ಬಳಿಗೆ ಕಳುಹಿಸಬೇಕೆಂದು ಹೇಳುತ್ತದೆ. ಅಂಥವರು ಹತ್ತಿರದಲ್ಲಿ ಇಲ್ಲದಿದ್ದರೆ ಬಿಟ್ಟ ಪದಾರ್ಥಗಳನ್ನು ವಾರಕ್ಕೊಂದರಂತೆ ಮರಳಿ ತಂದು ನೋಡುವುದರಿಂದ ಆರಂಭಿಸಬಹುದು. ತಿಂದಾಗ ಉಸಿರು ಕಟ್ಟಿದ, ಮೈ ದದ್ದೆದ್ದ ಅಲರ್ಜಿಯ ಪದಾರ್ಥಗಳಿಗೆ ಮಾತ್ರ ಈ ಮಾತು ಅನ್ವಯಿಸದು.

ಶ್ರಮವಿಲ್ಲದೆ ಒಳಹೋಗುವ ಆಹಾರ ನಮ್ಮ ಅಡುಗೆಮನೆಯಲ್ಲಿ ಕಡಿಮೆಯೇನಿಲ್ಲ. ರಾಗಿ ಹುರಿಹಿಟ್ಟನ್ನು ಹಾಲು ಬೆಲ್ಲದಲ್ಲಿ ಕಲಸಿದರೆ ಒಲೆಯೇ ಬೇಡ. ತೆಳು ಅವಲಕ್ಕಿ ಮೊಸರಿನಲ್ಲಿ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಗಂಜಿಗೆ ಒಂದು ಚಮಚ ತುಪ್ಪ ಬಿಟ್ಟರೆ ಸುಮಾರು 45 ಕ್ಯಾಲೊರಿ ಕೂಡಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಡಲೆಕಾಯಿ ಚಟ್ನಿಪುಡಿಯ ಡಬ್ಬಿ ಹಾಸಿಗೆಯ ಪಕ್ಕಕ್ಕೆ ಬರಲಿ, ನಾಚಿಕೆ ಬೇಡ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ ಮಾಡಿ, ತರಕಾರಿಯನ್ನು ಕೂತು ಹೆಚ್ಚಿ, ಚೇತರಿಕೆಯ ದಿನ ಮಾಡಿದ ಬೇಳೆಯನ್ನು ಡಬ್ಬಿಗಳಲ್ಲಿ ಫ್ರಿಜ್ಜಿಗೆ ಸೇರಿಸಿ. ಐದು ದಿನಕ್ಕಿಂತ ಹೆಚ್ಚು ಕಾಲ ಏನನ್ನೂ ತಿನ್ನಲಾಗದೆ ಇದ್ದವರು ಮಾತ್ರ ಒಮ್ಮೆಲೇ ಹೊಟ್ಟೆತುಂಬ ಉಣ್ಣಬಾರದು. ಆಗ ರಕ್ತದ ಲವಣಗಳು ಅಪಾಯಕಾರಿಯಾಗಿ ಕುಸಿಯಬಹುದಾದ್ದರಿಂದ ಆಸ್ಪತ್ರೆಯ ನಿಗಾದಲ್ಲಿ ಆರಂಭಿಸಬೇಕು.

ತೂಕ ಏರಿದವರಿಗೆ ಎದುರಾಗುವ ಮೊದಲ ಸಲಹೆ 'ದಿನಾ ಒಂದು ಗಂಟೆ ವಾಕಿಂಗ್ ಮಾಡಿ' ಎಂಬುದು. ಬೇರೆಯವರಿಗೆ ಒಳ್ಳೆಯ ಸಲಹೆ. ಎಂಇ/ಸಿಎಫ್‌ಎಸ್ ಇರುವವರಿಗೆ ಅಪಾಯದ ಸಲಹೆ. ಶ್ರಮದ ಫಲ ಅಂದೇ ಕಾಣದೆ ಹನ್ನೆರಡರಿಂದ ನಲವತ್ತೆಂಟು ಗಂಟೆ ಕಳೆದು ಬರುವುದರಿಂದ, ಸೋಮವಾರದ ನಡಿಗೆ ಚೆನ್ನಾಗಿ ಆಯಿತೆಂದು ಮಂಗಳವಾರವೂ ನಡೆದವರು ಬುಧವಾರ ಹಾಸಿಗೆ ಹಿಡಿಯುತ್ತಾರೆ, ಮತ್ತು ಹಾಸಿಗೆ ಹಿಡಿದ ವಾರಗಳಲ್ಲಿ ಸ್ನಾಯು ಕರಗಿ ತೂಕದ ಲೆಕ್ಕ ಇನ್ನಷ್ಟು ಕೆಡುತ್ತದೆ. ದಿನದಿನಕ್ಕೂ ಏರಿಸುತ್ತ ಹೋಗುವ ವ್ಯಾಯಾಮವನ್ನು ಈ ಕಾಯಿಲೆಗೆ ಚಿಕಿತ್ಸೆಯಾಗಿ ಕೊಡಬಾರದೆಂದು ಮೇಲೆ ಹೇಳಿದ ಮಾರ್ಗಸೂಚಿಯೇ ಸ್ಪಷ್ಟಪಡಿಸಿದೆ. ಹಾಗಾಗಿ ಇಲ್ಲಿ ತೂಕದ ಕೆಲಸ ತಟ್ಟೆಯಲ್ಲೇ ನಡೆಯಬೇಕು. ಮೊದಲು ಲೋಟಕ್ಕೆ ಕೈ ಹಾಕಿ: ಚೈತನ್ಯ ಬರಲೆಂದು ದಿನಕ್ಕೆ ಐದು ಸಲ ಎರಡೆರಡು ಚಮಚ ಸಕ್ಕರೆಯ ಕಾಫಿ ಕುಡಿದರೆ ಹಾಲು ಬಿಟ್ಟು ಸಕ್ಕರೆಯೊಂದೇ ಸುಮಾರು 200 ಕ್ಯಾಲೊರಿ. ಆಮೇಲೆ ಅನ್ನವನ್ನು ಒಂದು ಸೌಟು ಇಳಿಸಿ ಹುರುಳಿ, ಹೆಸರುಕಾಳು, ಸೊಪ್ಪನ್ನು ಒಂದು ಸೌಟು ಏರಿಸಿ, ಅಡುಗೆ ಎಣ್ಣೆಯನ್ನು ಕ್ಯಾನಿನಿಂದ ಸುರಿಯದೆ ಚಮಚದಲ್ಲಿ ಅಳೆಯಿರಿ. ಉಪವಾಸದ ವ್ರತವನ್ನೂ ಹದಿನಾರು ಗಂಟೆ ಹಸಿದಿರುವ ಹೊಸ ಪದ್ಧತಿಯನ್ನೂ ನಾನು ಶಿಫಾರಸು ಮಾಡುವುದಿಲ್ಲ. ಹಸಿದ ಹೊಟ್ಟೆಯಲ್ಲಿ ತಲೆಸುತ್ತು ಹೆಚ್ಚುವವರು ನಮ್ಮಲ್ಲಿ ಬಹಳ. ತಿಂಗಳಿಗೆ ಅರ್ಧ ಕಿಲೋ ಇಳಿದರೂ ಸಾಕು. ಗುರಿಯ ಮಟ್ಟಿಗೆ ಭಾರತೀಯರಿಗೆ ಬಿಎಂಐ (ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 23ರಿಂದಲೇ ಅಧಿಕ ತೂಕವೆಂದು ಎಣಿಸುತ್ತಾರೆ. ಸೊಂಟ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರು ದಾಟಿದ್ದರೆ ಸಕ್ಕರೆ ಮತ್ತು ರಕ್ತದೊತ್ತಡವನ್ನು ನೋಡಿಸುತ್ತಿರಬೇಕು. ತೂಕ ಏರಿ ಗೊರಕೆ ಜೋರಾಗಿ, ನಿದ್ದೆಯಲ್ಲಿ ಉಸಿರು ನಿಂತಂತೆ ಮನೆಯವರಿಗೆ ಕಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಏಕೆಂದರೆ ಆ ತೊಂದರೆ ತಾನೇ ಸುಸ್ತನ್ನು ದುಪ್ಪಟ್ಟು ಮಾಡುತ್ತದೆ.

ಕಾರಣ ಸಿಗದೆ ಉಳಿದವರೂ ಇರುತ್ತಾರೆ. ಅವರು ವಾರದ ಅಳತೆಯನ್ನು ನಿಲ್ಲಿಸದೆ, ಮೂರು ತಿಂಗಳ ನಂತರದ ಒಂದು ತೇದಿಯನ್ನು ಇಂದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟು, ಅಂದು ತೂಕ ಇದೇ ದಿಕ್ಕಿನಲ್ಲಿ ಸಾಗಿದ್ದರೆ ಅಥವಾ ಹೊಸ ಲಕ್ಷಣವೊಂದು ಕೂಡಿದ್ದರೆ, ಅದೇ ಕಾಗದಗಳನ್ನು ಹಿಡಿದು ಮತ್ತೆ ತೋರಿಸಬೇಕು. ಹಿಂದಿನ ಸಲ ಏನೂ ಸಿಗಲಿಲ್ಲವೆಂದು ಸಂಕೋಚಪಡಬೇಕಾಗಿಲ್ಲ.